ಒಂದೇ ದಿನದ ಜಟೆ

ಬೆಳಿಗ್ಗೆ ಕುರ್ಚಿಯಲ್ಲಿ ಕೂತರೆ ಸಂಜೆಗೆ ತಲೆ ತುಂಬ ಜಟೆಯೊಂದಿಗೆ ಏಳಬಹುದು ಎಂಬುದು ಬೆಂಗಳೂರಿನ ಡ್ರೆಡ್‌ಲಾಕ್ ಸ್ಟುಡಿಯೋಗಳು ಗಳಿಸಿರುವ ಹೆಸರು. ಆ ಹೆಸರು ಆನೇಕಲ್ ದಾಟಿ ನಮ್ಮ ತಳಿ, ಜವಳಗಿರಿ ಕಡೆಗೂ ಬಂದು ಮುಟ್ಟಿದೆ. ಜಟೆ ಬಿಡಬೇಕೆಂದು ಆಸೆಪಡುವ ಹುಡುಗ ಈಗ ಮೊದಲು ಕೇಳುವುದು ಸ್ಟುಡಿಯೋದ ವಿಳಾಸವನ್ನು, ಎರಡನೆಯದಾಗಿ ರೇಟನ್ನು. ತನ್ನ ತಲೆಯ ಮೇಲೆ ಹುಟ್ಟಿನಿಂದ ಬಂದ ಗುಂಗುರು ಕೂದಲಿದೆ, ಅದಕ್ಕೆ ಇಷ್ಟೆಲ್ಲ ಬೇಕೇ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಗುಂಗುರು ಕೂದಲಿನ ಗಂಡಸರ ಮಟ್ಟಿಗೆ ಈ ಕಸುಬಿಗೆ ಸಿಕ್ಕಿರುವ ಮನ್ನಣೆ ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಕೂದಲು ತಾನಾಗಿಯೇ ಮಾಡಿಕೊಳ್ಳುವ ಕೆಲಸವನ್ನು ಸ್ಟುಡಿಯೋದ ಕ್ರೋಶಾ ಕೊಕ್ಕೆ ಅವಸರದಲ್ಲಿ ಮಾಡುತ್ತದೆ, ಕೂದಲನ್ನೇ ಮುರಿದು ಮಾಡುತ್ತದೆ. ನಿಜವಾಗಿ ಕೈಚಳಕ ಬೇಡುವ ಬೈತಲೆ ತೆಗೆಯುವುದು, ಬುಡ ಬಿಡಿಸುವುದು, ತೊಳೆದು ಒಣಗಿಸುವುದು ಮಾತ್ರ ಯಾರ ಮೆಚ್ಚುಗೆಗೂ ಬಿದ್ದಿಲ್ಲ.

ಬಾದಾಮಿಯ ಮೊದಲನೇ ಗುಹೆಯ ಹದಿನೆಂಟು ತೋಳಿನ ನಟರಾಜ, ಶಿವನ ಜಟೆಯಿಂದ ಹುಟ್ಟಿದ ವೀರಭದ್ರ, ಹೊಸೂರಿನ ಬೆಟ್ಟದ ಮೇಲಿನ ಚಂದ್ರಚೂಡೇಶ್ವರ, ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕಡೆಯಿಂದ ಕದ್ರಿಗೆ ನಡೆದು ಬರುವ ನಾಥ ಜೋಗಿಗಳು: ಜಟೆಯ ಬಗ್ಗೆ ಇವು ಕನ್ನಡದ ಓದುಗರಿಗೆ ಗೊತ್ತಿರುವ ವಿಷಯ, ಬಿಡುತ್ತೇನೆ. 1930ರ ದಶಕದ ಜಮೈಕಾದ ರಾಸ್ತಾ ಪಂಥದವರು, ಅದಕ್ಕೂ ಮೊದಲು 1845ರಿಂದ ಅಲ್ಲಿಗೆ ಕೂಲಿಗಾಗಿ ಹೋದ ನಮ್ಮ ದೇಶದ ಜನ, ಯಾರಿಂದ ಯಾರು ಕಲಿತರು ಎಂಬ ಚರ್ಚೆ, ಇದನ್ನೂ ಬಿಡುತ್ತೇನೆ. ನನಗೆ ಬೇಕಾದದ್ದು ಕೊಕ್ಕೆ.

ಲೇಸು ಹೆಣೆಯುವ ಕ್ರೋಶಾ ಕಡ್ಡಿಗಳಲ್ಲೇ ತೀರ ಸಣ್ಣದು ಇದು. ತುದಿ ಅರ್ಧ ಅಥವಾ ಮುಕ್ಕಾಲು ಮಿಲಿಮೀಟರ್. ತಲೆಯನ್ನು ಚೌಕ ಚೌಕವಾಗಿ ವಿಂಗಡಿಸಿ, ಒಂದೊಂದು ಕಂತೆಯನ್ನೂ ತುದಿಯಿಂದ ಬುಡದ ಕಡೆಗೆ ಉಲ್ಟಾ ಬಾಚಿ ಸಿಕ್ಕು ಮಾಡಿಕೊಳ್ಳುತ್ತಾರೆ. ಆ ಸಿಕ್ಕನ್ನು ಎರಡು ಬೆರಳ ನಡುವೆ ಒತ್ತಿ ಹಿಡಿದು, ಕಡ್ಡಿಯನ್ನು ಒಂದು ಪಕ್ಕದಿಂದ ಚುಚ್ಚಿ ಇನ್ನೊಂದು ಪಕ್ಕಕ್ಕೆ ಹೊರಡಿಸಿ, ಅಲ್ಲಿ ಸಡಿಲವಾಗಿರುವ ನಾಲ್ಕಾರು ಎಳೆಗಳನ್ನು ಕೊಕ್ಕೆಗೆ ಸಿಕ್ಕಿಸಿ ಒಳಕ್ಕೆ ಎಳೆಯುತ್ತಾರೆ. ಕಂತೆಯನ್ನು ಸ್ವಲ್ಪ ತಿರುಗಿಸಿ ಮತ್ತೆ ಚುಚ್ಚು, ಮತ್ತೆ ಎಳೆ. ಪಳಗಿದ ಕೈ ಇದನ್ನು ಹೊಲಿಗೆ ಯಂತ್ರದ ವೇಗದಲ್ಲಿ ಮಾಡುತ್ತದೆ. ನೋಡುವವರು ಬೆರಗಾಗುವುದು ಈ ವೇಗಕ್ಕೆ.

ವೇಗವನ್ನು ಬಿಟ್ಟು ಎಳೆಯನ್ನು ನೋಡಬೇಕು. ಕೊಕ್ಕೆಗೆ ಸಿಕ್ಕಿದ ಎಳೆ ತನ್ನ ತುದಿಯಿಂದ ಒಳಗೆ ಹೋಗುವುದಿಲ್ಲ, ನಡುವಿನಲ್ಲೇ ಮಡಿಚಿಕೊಂಡು ಜೋಡಿಯಾಗಿ ಹೋಗುತ್ತದೆ. ಒಂದು ಮಿಲಿಮೀಟರಿಗಿಂತ ಕಿರಿದಾದ ಲೋಹದ ತಿರುವಿನ ಮೇಲೆ ಕೂದಲು ಪೂರ್ತಿ ಬಾಗಬೇಕು, ಬಾಗಿದ ಮೇಲೆ ಬಿಗಿ ಸಿಕ್ಕಿನೊಳಗೆ ಬಲವಂತವಾಗಿ ಜಾರಬೇಕು. ನೆಟ್ಟಗಿನ ಕೂದಲು ಇದನ್ನು ಅಷ್ಟಿಷ್ಟು ತಡೆದುಕೊಂಡೀತು. ಗುಂಗುರು ಕೂದಲು ಬೇರೆ ಜಾತಿಯದು. ಅಡ್ಡ ಕತ್ತರಿಸಿ ನೋಡಿದರೆ ಅದು ದುಂಡಗಿರುವುದಿಲ್ಲ, ಚಪ್ಪಟೆ ಮೊಟ್ಟೆಯ ಆಕಾರದಲ್ಲಿರುತ್ತದೆ. ಉದ್ದಕ್ಕೂ ಅಲ್ಲಲ್ಲಿ ತಿರುಚಿಕೊಂಡಿರುತ್ತದೆ, ತಿರುಚಿದ ಕಡೆಯಲ್ಲೇ ಅದರ ಬಲ ಕಡಿಮೆ. ನೆತ್ತಿಯ ಜಿಡ್ಡು ಸುರುಳಿಗಳನ್ನು ದಾಟಿ ತುದಿಯವರೆಗೆ ಇಳಿಯುವುದಿಲ್ಲವಾದ್ದರಿಂದ ಅದು ಒಣಗಿಯೂ ಇರುತ್ತದೆ. ಒಣಗಿದ, ತಿರುಚಿದ, ಚಪ್ಪಟೆಯಾದ ಎಳೆಯನ್ನು ಕೊಕ್ಕೆಯಲ್ಲಿ ಮಡಿಚಿ ಎಳೆದರೆ ಒಂದಷ್ಟು ಮುರಿಯದೆ ವಿಧಿಯಿಲ್ಲ. ಮುರಿದ ತುದಿಗಳು ಜಟೆಯ ಒಳಗೇ ಅಡಗಿಕೊಳ್ಳುವುದರಿಂದ ಆ ದಿನ ಯಾರಿಗೂ ಕಾಣುವುದಿಲ್ಲ. ಕುರ್ಚಿಯಿಂದ ಎದ್ದವನ ಜಟೆ ನೆಟ್ಟಗೆ, ಒರಟಾಗಿ, ಒಂದೇ ದಪ್ಪಕ್ಕಿರುತ್ತದೆ, ಫೋಟೋ ತೆಗೆಯುವುದೂ ಆಗಲೇ.

ಮೂರು ತಿಂಗಳ ಮೇಲಿನ ಫೋಟೋ ಯಾರೂ ಹಾಕುವುದಿಲ್ಲ. ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರಿನಂತೆ ಬುಡದಲ್ಲಿ ಹೊಸ ಕೂದಲು ಬಂದಿರುತ್ತದೆ, ಹಳೆಯ ಭಾಗ ಸಡಿಲಗೊಂಡು ಉಬ್ಬಿರುತ್ತದೆ, ಮುರಿದ ತುದಿಗಳು ಹೊರಗೆ ಬಂದು ಜಟೆಯ ಸುತ್ತ ನವಿರಾಗಿ ನಿಂತಿರುತ್ತವೆ. ಇದನ್ನು ದೋಷವೆಂದು ತಿಳಿದು ಮತ್ತೆ ಸ್ಟುಡಿಯೋಗೆ ಓಡುತ್ತಾರೆ. ಅಲ್ಲಿ ಬುಡದಿಂದ ಎರಡು ಬೆರಳು ಕೆಳಗೆ, ಹೋದ ಸಲ ಚುಚ್ಚಿದ ಜಾಗದಲ್ಲೇ, ಮತ್ತೆ ಚುಚ್ಚುತ್ತಾರೆ. ಕೆಳಗೆ ಜಟೆ ಉದ್ದವಾಗುತ್ತಾ ಭಾರ ಹೆಚ್ಚುತ್ತದೆ, ಮೇಲೆ ಭಾರ ಹೊರಬೇಕಾದ ಎಳೆಗಳು ಕಡಿಮೆಯಾಗುತ್ತಾ ಹೋಗುತ್ತವೆ. ಸೊಂಟದವರೆಗೆ ಇಳಿದ ಜಟೆ ಬುಡದ ಹತ್ತಿರ ದಾರದಷ್ಟಾಗಿ, ಒಂದು ದಿನ ಟವೆಲ್ಲಿನಲ್ಲಿ ಕಳಚಿ ಬರುವುದು ಹೀಗೆ. ಹಣೆಯ ಅಂಚಿನಲ್ಲಿ ಕೂದಲು ಹಿಂದೆ ಸರಿಯುವುದಕ್ಕೂ ಈ ಭಾರದ ಎಳೆತ ಕಾರಣವಾಗಬಹುದು. ಚರ್ಮದ ವೈದ್ಯರು ಎಳೆತದಿಂದ ಬರುವ ಬೋಳು ಎನ್ನುವುದು ಇದಕ್ಕೇ. ಬಹಳ ಕಾಲ ಎಳೆತ ಮುಂದುವರಿದರೆ ಅಲ್ಲಿ ಕೂದಲು ಮರಳಿ ಹುಟ್ಟುವುದಿಲ್ಲ.

ಕೊಕ್ಕೆ ಮುಟ್ಟದಿದ್ದರೆ ಏನಾಗುತ್ತದೆ? ನಮ್ಮಲ್ಲಿ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಬಾಚದ ಗುಂಗುರು ಕೂದಲಿನಲ್ಲಿ ಅವು ಕೆಳಗೆ ಬೀಳುವುದಿಲ್ಲ, ಪಕ್ಕದ ಸುರುಳಿಗೆ ಸುತ್ತಿಕೊಳ್ಳುತ್ತವೆ. ನೀರು, ತಿಕ್ಕಾಟ ಸಿಕ್ಕಂತೆಲ್ಲ ಕಂಬಳಿಯ ಉಣ್ಣೆ ಬಿಗಿಯಾಗುವಂತೆ ಕೂದಲಿನ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮನುಷ್ಯನ ಕೂದಲಿನ ಹುರುಪೆ ಉಣ್ಣೆಗಿಂತ ನಯವಾದ್ದರಿಂದ ನಿಧಾನ, ಅಷ್ಟೇ. ಮೊದಲು ಉಬ್ಬುತ್ತದೆ, ಕುಗ್ಗಿ ಗಿಡ್ಡವಾದಂತೆ ಕಾಣುತ್ತದೆ, ಆಮೇಲೆ ಗಟ್ಟಿಯಾಗಿ ಇಳಿಯಲು ತೊಡಗುತ್ತದೆ. ವರ್ಷವೋ ಒಂದೂವರೆ ವರ್ಷವೋ ಬೇಕು. ಈ ಜಟೆಯಲ್ಲಿ ಮುರಿದ ಎಳೆಗಿಂತ ಉದುರಿದ ಎಳೆ ಹೆಚ್ಚು, ಬೇರಿಗೆ ಅಂಟಿರುವ ಎಳೆ ಇಡಿಯಾಗಿರುತ್ತದೆ. ಬಾಳಿಕೆಯ ಗುಟ್ಟು ಇದು.

ಕೊಕ್ಕೆ ಪೂರ್ತಿ ನಿರುಪಯೋಗಿ ಎಂದಲ್ಲ. ನೆಟ್ಟಗಿನ ಕೂದಲಿನವರಿಗೆ ಬೇರೆ ದಾರಿ ಕಡಿಮೆ. ಸಣ್ಣಗಾದ ಜಟೆಯನ್ನು ಪಕ್ಕದ್ದಕ್ಕೆ ಜೋಡಿಸಲು, ಕಳಚಿದ್ದನ್ನು ಮತ್ತೆ ಕೂರಿಸಲು ಅದು ಬೇಕು. ಗುಂಗುರು ತಲೆಗೆ ಇಷ್ಟು ಸಾಕು.

ಇಷ್ಟು ಸರಳ ಸಂಗತಿ ಯಾಕೆ ಚರ್ಚೆಗೇ ಬಂದಿಲ್ಲ ಎಂದರೆ, ಜಟೆಯ ಬಗ್ಗೆ ಬರೆದ ಮಾನವಶಾಸ್ತ್ರಜ್ಞರೆಲ್ಲ ಅದರ ಅರ್ಥದ ಬೆನ್ನು ಹತ್ತಿದರು. 1958ರಲ್ಲಿ ಎಡ್ಮಂಡ್ ಲೀಚ್ ಉದ್ದ ಕೂದಲು, ಬೋಳು ತಲೆ, ಜಟೆ ಮೂರನ್ನೂ ಕಾಮದ ಬಿಡುಗಡೆ ಮತ್ತು ನಿಗ್ರಹದ ಲೆಕ್ಕಕ್ಕೆ ಸೇರಿಸಿದರು. 1969ರಲ್ಲಿ ಹಾಲ್‌ಪೈಕ್ ಅದನ್ನು ತಳ್ಳಿಹಾಕಿ, ಕೂದಲು ಕತ್ತರಿಸುವುದೆಂದರೆ ಸಮಾಜದ ಅಂಕೆಗೆ ಒಳಗಾಗುವುದು, ಬಿಡುವುದೆಂದರೆ ಅಂಕೆಯ ಹೊರಗೆ ನಿಲ್ಲುವುದು ಎಂದರು. 1981ರಲ್ಲಿ ಗಣನಾಥ ಒಬೆಯೆಸೆಕೆರೆ ಶ್ರೀಲಂಕಾದ ಕತರಗಾಮದ ಜಟೆಧಾರಿಣಿಯರ ಬದುಕನ್ನು ಕೇಳಿ ಒಂದು ಪುಸ್ತಕವನ್ನೇ ಬರೆದರು. ಒಬ್ಬೊಬ್ಬರ ಕತೆಯನ್ನು ಸಾವಧಾನವಾಗಿ ಕೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವವಿದೆ. ಆದರೆ ಗ್ರೀಕರ ಮೆಡೂಸಾಳ ಹಾವುಗಳು ಆ ಹೆಂಗಸರ ತಲೆಯ ಮೇಲಿರಲಿಲ್ಲ, ನೋಡಿದವರ ಅಳುಕಿನಲ್ಲಿದ್ದವು. ಅಳುಕು ತಮ್ಮದೆಂದು ಒಪ್ಪಿಕೊಂಡೂ ಪುಸ್ತಕಕ್ಕೆ ಮೆಡೂಸಾಳ ಹೆಸರನ್ನೇ ಇಟ್ಟರು. ಒಂದು ಜಟೆ ಎಷ್ಟು ತೂಗುತ್ತದೆ, ಮಲಗುವಾಗ ಅದನ್ನು ಎಲ್ಲಿಡುತ್ತಾರೆ, ನೆನೆದರೆ ಎಷ್ಟು ಹೊತ್ತಿಗೆ ಆರುತ್ತದೆ ಎಂಬುದನ್ನು ಈ ಮೂವರ ವಾದದ ಕೇಂದ್ರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವರವರ ನಡುವಿನ ಜಗಳ ಮಾತ್ರ ದಶಕಗಟ್ಟಲೆ ನಡೆಯಿತು.

ಇವರಿಗಿಂತ ನನಗೆ ಹತ್ತಿರದವರು ಲುಸಿಂಡಾ ರಾಂಬರ್ಗ್. ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮ ದೇವಿಗೆ ಬಿಟ್ಟ ದೇವದಾಸಿ ಹೆಂಗಸರ ಜಟೆಯನ್ನು ಕುರಿತ 2009ರ ಲೇಖನದಲ್ಲಿ ಅವರು ತೋರಿಸಿದ್ದು ಮುಖ್ಯವಾದ ಮಾತು: ಭಕ್ತರಿಗೆ ದೇವಿಯೇ ಆಗಿರುವ ಜಟೆ ಸುಧಾರಕರ ಕೈಯಲ್ಲಿ ಬರೀ ಕೊಳೆಯಾಗಿಬಿಡುತ್ತದೆ. ದೇವದಾಸಿ ಪದ್ಧತಿಯನ್ನು ನಿಷೇಧಿಸಿದ 1982ರ ಕಾಯ್ದೆಯ ಪರವಾಗಿ ನಾನು ನಿಲ್ಲುತ್ತೇನೆ. ಹೆದರಿಕೆಯಿಂದ ಜಟೆ ಹೊತ್ತು ಕತ್ತು ನೋಯಿಸಿಕೊಂಡ ಹೆಂಗಸಿಗೆ ಅದನ್ನು ಇಳಿಸಿಕೊಟ್ಟವರು ಒಳ್ಳೆಯದನ್ನೇ ಮಾಡಿದರು. ಕೊಟ್ಟ ಕಾರಣ ಮಾತ್ರ ತಪ್ಪು. ಜಟೆ ಎಂದರೆ ಕೊಳೆ, ಹೇನು, ರೋಗ ಎಂದು ಊರೂರಲ್ಲಿ ಹೇಳಿದ್ದು ಜನರ ಮನಸ್ಸಿನಲ್ಲಿ ಕೂತುಬಿಟ್ಟಿತು. ಜಟೆ ಕಟ್ಟಿದರೆ ತಲೆ ತೊಳೆಯಬಾರದು ಎನ್ನುವ ಹುಡುಗನೂ, ಜಟೆಯವನನ್ನು ಕಂಡು ಮೂಗು ಮುಚ್ಚಿಕೊಳ್ಳುವ ಹಿರಿಯರೂ ನಂಬಿರುವುದು ಒಂದೇ ಸುಳ್ಳನ್ನು. ಒಮ್ಮೆ ಕಟ್ಟಿದರೆ ಬೋಳಿಸುವುದೇ ದಾರಿ ಎಂಬುದೂ ಸುಳ್ಳು. ಕಂಡೀಷನರ್ ಹಚ್ಚಿ ನೆನೆಸಿ, ತುದಿಯಿಂದ ಮೇಲಕ್ಕೆ ದಬ್ಬಣದಲ್ಲಿ ಬಿಡಿಸುತ್ತಾ ಹೋದರೆ ದಿನಗಟ್ಟಲೆ ಹಿಡಿಯುತ್ತದೆ, ಆದರೆ ಬಿಡಿಸಲು ಬರುತ್ತದೆ.

ತೊಳೆಯುವ ವಿಚಾರ ಹೇಳಲೇಬೇಕು, ಮುಕ್ಕಾಲು ಪಾಲು ಜಟೆ ಕೆಡುವುದು ಇಲ್ಲೇ. ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ ನೆತ್ತಿ ತೊಳೆಯಬೇಕು. ಸೀಗೆಪುಡಿಯನ್ನು ಹಾಗೇ ಹಚ್ಚಿದರೆ ಪುಡಿ ಜಟೆಯ ಒಡಲಿಗೆ ಇಳಿದು ಹೊರಗೆ ಬರುವುದೇ ಇಲ್ಲ. ಅಂಟುವಾಳವನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಮಾತ್ರ ಬಳಸಬೇಕು. ಇಲ್ಲವೇ ಜಿಡ್ಡು ಉಳಿಸದ ಶಾಂಪೂ. ಹರಳೆಣ್ಣೆ, ತೆಂಗಿನೆಣ್ಣೆ ನೆತ್ತಿಗೆ ನಾಲ್ಕು ಹನಿ ಸಾಕು, ಜಟೆಗೆ ಬೇಡ, ಧೂಳು ಹಿಡಿಯುತ್ತದೆ. ಮೇಣವಂತೂ ಮುಟ್ಟಲೇಬಾರದು. ಸೋಡಾ ಪುಡಿಯ ನೀರಲ್ಲಿ ಅದ್ದುವ ಚಾಳಿಯನ್ನೂ ಬಿಡಬೇಕು. ಕೂದಲು ತುಸು ಆಮ್ಲದ್ದು, ಸೋಡಾ ಕ್ಷಾರದ್ದು, ಹುರುಪೆಗಳು ಎದ್ದು ಎಳೆ ಮತ್ತಷ್ಟು ಒಣಗುತ್ತದೆ.

ಆಮೇಲೆ ಒಣಗಿಸುವುದು. ಜವಳಗಿರಿ ಕಾಡಂಚಿನ ಊರು. ತಮಿಳರ ಐಪಸಿ, ಕಾರ್ತಿಕ ತಿಂಗಳುಗಳ ಮಳೆಗಾಲದಲ್ಲಿ ಇಲ್ಲಿ ಪಂಚೆಯೇ ಎರಡು ದಿನ ಆರುವುದಿಲ್ಲ. ಬೆಳಿಗ್ಗೆ ತೊಳೆದು, ಒಂದೊಂದು ಜಟೆಯನ್ನೂ ಹತ್ತಿ ಬಟ್ಟೆಯಲ್ಲಿ ಹಿಂಡಿ, ಬಿಸಿಲೋ ಫ್ಯಾನೋ ಸಿಕ್ಕ ಕಡೆ ಬಿಟ್ಟು ಕೂರಬೇಕು. ಒದ್ದೆ ಜಟೆಯನ್ನು ಗಂಟು ಹಾಕಿ, ಮೇಲೆ ಹೆಲ್ಮೆಟ್ ಹಾಕಿಕೊಂಡು ಹೊಸೂರಿನ ಕಾರ್ಖಾನೆಯ ಶಿಫ್ಟಿಗೆ ಹೋದರೆ ಒಳಗೆ ಬೂಸಲು ಹಿಡಿದು ನಾರುತ್ತದೆ, ಒಮ್ಮೆ ಹಿಡಿದ ಬೂಸಲು ಸುಲಭಕ್ಕೆ ಹೋಗುವುದಿಲ್ಲ. ಸ್ಟುಡಿಯೋಗಳು ಮೆಚ್ಚಿ ಕಟ್ಟುವ ಹೆಬ್ಬೆರಳು ದಪ್ಪದ ಜಟೆಗೆ ನನ್ನ ದೊಡ್ಡ ಆಕ್ಷೇಪಣೆ ಇದೇ: ಅದರ ತಿರುಳು ಈ ಹವೆಯಲ್ಲಿ ಒಣಗುವುದಿಲ್ಲ. ಕಿರುಬೆರಳಿಗಿಂತ ದಪ್ಪ ಬೇಡ.

ದಪ್ಪ ತೀರ್ಮಾನವಾಗುವುದು ಬೈತಲೆಯಲ್ಲಿ, ಅದೂ ಮೊದಲ ದಿನವೇ. ಚೌಕ ದೊಡ್ಡದಾದರೆ ಜಟೆ ಆರದು, ಚಿಕ್ಕದಾದರೆ ಬುಡ ಭಾರ ತಾಳದು. ಹಣೆಯ ಅಂಚಿನಲ್ಲಿ ಕೂದಲು ತೆಳ್ಳಗಿರುವುದರಿಂದ ಅಲ್ಲಿ ಚೌಕ ತುಸು ಅಗಲ ಬೇಕು. ಇಟ್ಟಿಗೆ ಕಟ್ಟಿದ ಹಾಗೆ ಸಾಲು ತಪ್ಪಿಸಿ ಚೌಕ ಹಾಕಿದರೆ ನಡುವೆ ನೆತ್ತಿ ಕಾಣುವುದಿಲ್ಲ. ಆಮೇಲೆ ಪ್ರತಿ ಸಲ ತಲೆ ತೊಳೆದಾಗಲೂ ಪಕ್ಕಪಕ್ಕದ ಬುಡಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ಬೆರಳಲ್ಲಿ ಬಿಡಿಸಬೇಕು, ಇಲ್ಲದಿದ್ದರೆ ಹಿಂದಲೆಯ ಜಟೆಗಳೆಲ್ಲ ಒಂದೇ ಹಲಗೆಯಾಗುತ್ತವೆ. ಗುಂಗುರು ಕೂದಲಿನವನು ಬಂದಾಗ ಸ್ಟುಡಿಯೋದವರು ಕೊಕ್ಕೆಯನ್ನು ಎತ್ತಿಟ್ಟು, ಇಡೀ ದಿನ ಬೈತಲೆ ತೆಗೆದು, ಬುಡ ಬಿಡಿಸುವುದನ್ನು ಅವನ ಕೈಗೇ ಕಲಿಸಿ ಕಳಿಸಲಿ. ಅದಕ್ಕೆ ಈಗ ಕೇಳುವಷ್ಟೇ ದುಡ್ಡು ಕೇಳಿದರೂ ನನ್ನ ತಕರಾರಿಲ್ಲ.