ಗುಬ್ಬಿಯ ನೆಪ, ಕಾಗೆಯ ಬಾಗಿಲು: ಕನ್ನಡದ ಮಕ್ಕಳ ನಗೆಬರಹ

ಡೆಪ್ಯುಟಿ ಚನ್ನಬಸಪ್ಪನವರು 1871ರಲ್ಲಿ ಶೇಕ್ಸ್‌ಪಿಯರನ ‘ಕಾಮಿಡಿ ಆಫ್ ಎರರ್ಸ್’ ನಾಟಕವನ್ನು ಕನ್ನಡದಲ್ಲಿ ಕಥೆಯಾಗಿ ಬರೆದು ‘ನಗದವರನ್ನು ನಗಿಸುವ ಕಥೆ’ ಎಂದು ಹೆಸರಿಟ್ಟರು. ಮರಾಠಿಯದೇ ದರ್ಬಾರು ನಡೆದಿದ್ದ ಮುಂಬಯಿ ಪ್ರಾಂತದ ಕನ್ನಡ ಭಾಗದಲ್ಲಿ ಕನ್ನಡ ಸಾಲಿಗಳನ್ನು ಎತ್ತಿ ನಿಲ್ಲಿಸಿದ ಮನುಷ್ಯ ಅವರು, ವಿದ್ಯಾಖಾತೆಯ ಅಧಿಕಾರಿ. ಅಂಥವರೇ ಪುಸ್ತಕದ ಮೈಮೇಲೆ ನಗಿಸುವ ಕರಾರನ್ನು ಬರೆದರು, ತಿದ್ದುವ ಮಾತನ್ನಲ್ಲ. ನೂರೈವತ್ತು ವರ್ಷ ಕಳೆದ ಮೇಲೆ ಕನ್ನಡದ ಮಕ್ಕಳ ಕಥೆಪುಸ್ತಕಗಳನ್ನು ಸಾಲಾಗಿ ತೆರೆದು ನೋಡಿದರೆ ಬೇರೆಯದೇ ದೃಶ್ಯ. ಕಥೆ ನಗಿಸುತ್ತಲೇ ಬರುತ್ತದೆ, ಕೊನೆಯ ಪುಟಕ್ಕೆ ಬಂದ ಕೂಡಲೇ ಕೆಮ್ಮಿ ಗಂಟಲು ಸರಿಮಾಡಿಕೊಂಡು ‘ಆದ್ದರಿಂದ ಮಕ್ಕಳೇ’ ಎಂದು ಶುರು ಮಾಡುತ್ತದೆ.

ನಗೆಯ ಕೊನೆಯ ಹೆಜ್ಜೆಯನ್ನು ಓದುವ ಮಗು ತಾನೇ ಇಡಬೇಕು. ಅದರ ಪರವಾಗಿ ಲೇಖಕ ಇಟ್ಟುಬಿಟ್ಟರೆ ನಗೆಯೂ ಹೋಯಿತು, ಮಗುವಿನ ಬುದ್ಧಿಗೆ ಸಲ್ಲಬೇಕಾದ ಮರ್ಯಾದೆಯೂ ಹೋಯಿತು. ಈ ಅಳತೆ ಹಿಡಿದು ನೋಡಿದಾಗ ನಮ್ಮ ಬಾಯಿಕಥೆ ಗೆದ್ದಿದೆ, ರಂಗಭೂಮಿ ಗೆದ್ದಿದೆ, ಪದ್ಯ ಹೆಚ್ಚುಕಡಿಮೆ ಗೆದ್ದಿದೆ. ಸೋತಿರುವುದು ಗದ್ಯ.

ಬಾಯಿಕಥೆಯಿಂದ ಹೊರಡೋಣ. ನಮ್ಮ ಬೆಳಗಾವಿಯ ಖಾಸಬಾಗ, ವಡಗಾವಿ, ಶಹಾಪುರದ ನೇಕಾರ ಓಣಿಗಳಲ್ಲಿ ಗುಬ್ಬಿ–ಕಾಗಿ ಕಥಿ ಎರಡು ಭಾಷೆಗಳಲ್ಲಿ ಓಡಾಡುತ್ತದೆ. ಒಂದು ಮನೆಯಲ್ಲಿ ಗುಬ್ಬಕ್ಕ, ಗೋಡೆಯಾಚೆಯ ಮರಾಠಿ ಮನೆಯಲ್ಲಿ ಚಿಮಣಿ. ಗುಬ್ಬಿಯ ಮನೆ ಮೇಣದ್ದು, ಕಾಗೆಯದು ಸಗಣಿಯದು. ದೊಡ್ಡ ಮಳೆ ಬಂದು ಸಗಣಿಯ ಮನೆ ಕರಗಿ ಹರಿದು ಹೋಗುತ್ತದೆ. ತೊಯ್ದು ತೊಪ್ಪೆಯಾದ ಕಾಗೆ ಬಂದು ಗುಬ್ಬಿಯ ಬಾಗಿಲು ಬಡಿಯುತ್ತದೆ. ‘ತಡಿ, ಕೂಸಿಗೆ ಎರಿಯಾಕತ್ತೀನಿ’ ಎನ್ನುತ್ತದೆ ಗುಬ್ಬಿ ಒಳಗಿನಿಂದ. ಮತ್ತೆ ಬಡಿದರೆ ಮೈ ಒರೆಸುತ್ತಿದ್ದೇನೆ, ಮತ್ತೆ ಬಡಿದರೆ ಕಾಡಿಗೆ ಹಚ್ಚುತ್ತಿದ್ದೇನೆ, ಮತ್ತೆ ಬಡಿದರೆ ತೊಟ್ಟಿಲಿಗೆ ಹಾಕುತ್ತಿದ್ದೇನೆ. ಹೊರಗೆ ಮಳೆ ಸುರಿಯುತ್ತಲೇ ಇರುತ್ತದೆ.

ಇದರಲ್ಲಿ ಒಂದೂ ನಗೆಚಾಟಿಕೆಯಿಲ್ಲ. ಆದರೂ ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಎರಡನೆಯ ‘ತಡಿ’ಗೆ ಮಗುವಿಗೆ ಸಂಶಯ ಬಂದಿರುತ್ತದೆ, ಮೂರನೆಯದಕ್ಕೆ ಗುಬ್ಬಿ ನೆಪ ಹೇಳುತ್ತಿದೆ ಎಂದು ಖಾತ್ರಿಯಾಗಿರುತ್ತದೆ. ಕಾಗೆಗೆ ಮಾತ್ರ ತಿಳಿದಿಲ್ಲ. ಕಥೆ ಹೇಳುವ ಅಜ್ಜಿಯೂ ತನಗೇನೂ ತಿಳಿಯದವಳ ಹಾಗೆ ಮುಖ ಮಾಡಿಕೊಂಡು ಕೂತಿರುತ್ತಾಳೆ. ನಾಲ್ಕನೆಯ ನೆಪವನ್ನು ಮಗುವೇ ಮುಂದಾಗಿ ಹೇಳಿಬಿಡುತ್ತದೆ, ಕೆಲವು ಸಲ ಅಜ್ಜಿಯ ನೆಪಕ್ಕಿಂತ ಚಲೋ ನೆಪವನ್ನು. ಅಲ್ಲಿಗೆ ಕೇಳುವವರು ಕಥೆಯ ಪಾಲುದಾರರಾದರು. ಗುಬ್ಬಿ ಒಳ್ಳೆಯದೋ ಕೆಟ್ಟದ್ದೋ ಎಂದು ಕಥೆ ತೀರ್ಪು ಕೊಡುವುದಿಲ್ಲ. ಮುಕ್ತಾಯವಂತೂ ಮನೆಗೊಂದು. ಈ ಕಥೆಗೆ ‘ಕಷ್ಟದಲ್ಲಿದ್ದವರಿಗೆ ನೆರವಾಗಬೇಕು’ ಎಂಬ ನೀತಿ ಹಚ್ಚಬಹುದು, ‘ಮೊದಲೇ ಗಟ್ಟಿ ಮನೆ ಕಟ್ಟಿಕೊಳ್ಳಬೇಕು’ ಎಂಬ ನೀತಿಯನ್ನೂ ಹಚ್ಚಬಹುದು. ಒಂದು ಗುಬ್ಬಿಯನ್ನು ಬೈಯುತ್ತದೆ, ಇನ್ನೊಂದು ಕಾಗೆಯನ್ನು. ಎರಡೂ ಅಷ್ಟೇ ಸಲೀಸಾಗಿ ಅಂಟುತ್ತವೆ ಎಂದ ಮೇಲೆ ಎರಡೂ ಕಥೆಯ ಹೊಟ್ಟೆಯಿಂದ ಬಂದವಲ್ಲ, ಹೊರಗಿನಿಂದ ಬಂದವು.

1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಕೆ. ರಾಮಾನುಜನ್ ಈ ಸೀಮೆಯ ಬಾಯಿಕಥೆಗಳನ್ನು ಕೂಡಿಸಿಟ್ಟರು. 1991ರಲ್ಲಿ ಬಂದ ಅವರ ‘ಫೋಕ್‌ಟೇಲ್ಸ್ ಫ್ರಮ್ ಇಂಡಿಯಾ’ ಸಂಕಲನದಲ್ಲಿ ಕನ್ನಡದಿಂದ ತೆಗೆದುಕೊಂಡ ಮೂರ್ಖರ ರಾಜ್ಯದ ಕಥೆಯೊಂದಿದೆ. ಅಲ್ಲಿ ರಾಜ, ಮಂತ್ರಿ ಕೂಡಿ ಹಗಲನ್ನು ರಾತ್ರಿ, ರಾತ್ರಿಯನ್ನು ಹಗಲು ಮಾಡಿದ್ದಾರೆ. ಯಾವ ಸಾಮಾನು ಕೊಂಡರೂ ಒಂದೇ ದುಡ್ಡು. ಕನ್ನ ಕೊರೆಯಲು ಹೋದ ಕಳ್ಳನ ಮೇಲೆ ಗೋಡೆ ಬಿದ್ದು ಅವನು ಸಾಯುತ್ತಾನೆ. ಅವನ ತಮ್ಮ ನ್ಯಾಯ ಕೇಳಲು ಬರುತ್ತಾನೆ! ಮನೆಯ ಯಜಮಾನ ಗೋಡೆ ಕಟ್ಟಿದವನ ಮೇಲೆ ಹಾಕುತ್ತಾನೆ, ಗೋಡೆ ಕಟ್ಟಿದವನು ಆಗ ಗೆಜ್ಜೆ ಸಪ್ಪಳ ಮಾಡುತ್ತ ಹಾದುಹೋಗುತ್ತಿದ್ದ ನರ್ತಕಿಯ ಮೇಲೆ, ಅವಳು ಅಕ್ಕಸಾಲಿಯ ಮೇಲೆ, ಹೀಗೆ ತಪ್ಪು ಮನೆಯಿಂದ ಮನೆಗೆ ತಿರುಗುತ್ತದೆ. ಕಟ್ಟಕಡೆಗೆ ಸಿಕ್ಕವನು ಶೂಲಕ್ಕೆ ಸಾಲದಷ್ಟು ಸಣಕಲ. ಅದಕ್ಕೆ ಒಪ್ಪುವ ದಪ್ಪ ಮನುಷ್ಯನನ್ನು ಹುಡುಕಿ ತರುತ್ತಾರೆ. ಸೋವಿ ಊಟಕ್ಕೆ ಆಸೆಪಟ್ಟು ಆ ಊರಲ್ಲೇ ಉಳಿದಿದ್ದ ಶಿಷ್ಯನೊಬ್ಬ ಹಾಗೆ ಸಿಕ್ಕಿಬೀಳುತ್ತಾನೆ. ಅವನ ಗುರು ಬಂದು, ಈ ಶೂಲದ ಮೇಲೆ ಮೊದಲು ಸತ್ತವನು ಮುಂದಿನ ಜನ್ಮದಲ್ಲಿ ಇಲ್ಲಿಯ ರಾಜನಾಗುತ್ತಾನೆ ಎಂದು ಗಾಳಿ ತೇಲಿಬಿಟ್ಟು, ರಾಜನೂ ಮಂತ್ರಿಯೂ ತಾವಾಗಿಯೇ ಶೂಲ ಏರುವಂತೆ ಮಾಡುತ್ತಾನೆ.

ಕರಾವಳಿಯ ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’ ಕಥೆಯ ಕಟ್ಟೂ ಇದೇ: ಒಣಗದ ಸಿಗಡಿಗೆ ಕಾರಣ ಕೇಳುತ್ತ ಹೋದರೆ ನೆಪದ ಹಿಂದೆ ನೆಪ. ಎರಡೂ ಕಥೆಗಳಲ್ಲಿ ಮಗು ನಗುವುದು ಒಂದು ತರ್ಕಕ್ಕೆ. ಕೊಂಡಿ ಕೊಂಡಿಯಾಗಿ ನೋಡಿದರೆ ಪ್ರತಿ ಉತ್ತರವೂ ಸರಿ, ಒಟ್ಟಿಗೆ ನೋಡಿದರೆ ಶುದ್ಧ ಹುಚ್ಚು. ಕಚೇರಿಗಳಲ್ಲಿ ಈ ಟೇಬಲ್ಲಿನಿಂದ ಆ ಟೇಬಲ್ಲಿಗೆ ಅಲೆದ ದೊಡ್ಡವರಿಗೆ ತಡವಾಗಿ ತಿಳಿಯುವ ಸಂಗತಿ ಅಲ್ಲಿ ಏಳು ವರ್ಷದವರ ಕೈಗೆ ಸಿಕ್ಕಿಬಿಡುತ್ತದೆ. ಪಂಜೆಯವರು ಸ್ವತಃ ಮಾಸ್ತರರು, ಮುಂದೆ ಶಾಲಾ ಇನ್ಸ್‌ಪೆಕ್ಟರರು. ಹಾಗಾಗಿ ಮಕ್ಕಳ ಸಾಹಿತ್ಯ ಕೆಟ್ಟಿದ್ದು ಮಾಸ್ತರ ಮಂದಿಯಿಂದ ಎಂಬ ಸುಲಭದ ಆಪಾದನೆ ನಿಲ್ಲುವುದಿಲ್ಲ. ಚನ್ನಬಸಪ್ಪನವರೂ ಅದೇ ಖಾತೆಯವರಲ್ಲವೇ?

ಪದ್ಯದ ವಿಷಯದಲ್ಲಿ ತೀರ್ಪು ಅಷ್ಟು ಸಲೀಸಲ್ಲ. ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯವನ್ನೇ ತೆಗೆದುಕೊಳ್ಳಿ. ಬಣ್ಣದ ತುತ್ತೂರಿ ಸಿಕ್ಕಿತೆಂದು ಮೆರೆಯುತ್ತ ಹೋದ ಕಸ್ತೂರಿಯ ತುತ್ತೂರಿ ಕೊಳದ ಬಳಿ ಜಾರಿ ನೀರಿಗೆ ಬೀಳುತ್ತದೆ. ಮುಗಿಯುವ ಹೊತ್ತಿಗೆ ಜಂಬದ ಮೇಲೆ ಒಂದು ಏಟೂ ಬೀಳುತ್ತದೆ. ನಿಯಮ ಹಿಡಿದರೆ ಇದು ನೀತಿಪದ್ಯವೇ ಆಯಿತು. ಆದರೆ ತಲೆಮಾರುಗಳ ಮಕ್ಕಳ ನಾಲಗೆಯ ಮೇಲೆ ಉಳಿದದ್ದು ಆ ಏಟಲ್ಲ, ತುತ್ತೂರಿಯ ಸ್ವರ ಮತ್ತು ಅದು ನೀರಿಗೆ ಬೀಳುವ ಗಮ್ಮತ್ತು. ಕಸ್ತೂರಿಯ ಜಂಬ ಕೇಳುವವರಿಗೂ ಪರಿಚಿತವಾದ ಜಂಬ. ಹೊಸ ಆಟಿಕೆ ಕೈಗೆ ಬಂದ ದಿನ ಓಣಿಯೆಲ್ಲ ತಿರುಗದ ಹುಡುಗರುಂಟೇ? ಆದ್ದರಿಂದ ತುತ್ತೂರಿ ಕಳಕೊಂಡವನೂ ನಗುವವನೂ ಒಬ್ಬನೇ. ರಾಜರತ್ನಂ ನೀತಿಯನ್ನು ಬಿಟ್ಟವರಲ್ಲ, ಅದನ್ನು ಲಯದೊಳಗೆ ಕರಗಿಸಿದವರು. ಇಲ್ಲಿ ಬೆಳಗಾವಿಯಲ್ಲಿಯೇ ಇದ್ದು ಬರೆದ ಡಿ.ಎಸ್. ಕರ್ಕಿಯವರನ್ನು ಮಂದಿ ದೀಪ ಹಚ್ಚುವ ಹಾಡಿಗಷ್ಟೇ ನೆನೆಯುತ್ತಾರೆ. ಅವರು ಮಕ್ಕಳಿಗೆ ‘ತನನ ತೋಂ’ ಎಂಬ ಪುಸ್ತಕ ಕೊಟ್ಟದ್ದು ಅವರ ಊರಿನಲ್ಲೇ ಮರೆತುಹೋದಂತಿದೆ.

ಇನ್ನು ಗದ್ಯ. ಇಲ್ಲಿ ಸಿಟ್ಟು ಬರುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೊದಲ ದೋಷ ಕೊನೆಯ ಪ್ಯಾರಾದ್ದು, ಅದನ್ನು ಹೇಳಿಯಾಯಿತು. ಎರಡನೆಯದು ನಗೆಯ ಗುರಿ ಯಾರು ಎಂಬುದರದು. ಡೊಳ್ಳು ಹೊಟ್ಟೆಯವ, ತೊದಲುವವ, ಕಿವಿ ಕೇಳದ ಮುದುಕ, ಲೆಕ್ಕ ಬಾರದ ದಡ್ಡ: ನಮ್ಮ ಮಕ್ಕಳ ಹಾಸ್ಯಕಥೆಗಳ ಬಂಡವಾಳ ಬಹಳಮಟ್ಟಿಗೆ ಇಷ್ಟೇ. ತರಗತಿಯಲ್ಲಿ ಅಂಥ ಒಬ್ಬ ಹುಡುಗ ಇದ್ದೇ ಇರುತ್ತಾನೆ ಎಂಬುದು ಬರೆಯುವವರ ತಲೆಗೆ ಹೊಳೆಯುವುದಿಲ್ಲ. ಮೂರ್ಖರ ರಾಜ್ಯದ ಕಥೆಯೂ ದಪ್ಪ ಶಿಷ್ಯನನ್ನು ಬಳಸುತ್ತದೆ ನಿಜ, ಆದರೆ ಅಲ್ಲಿ ಮಗು ನಗುವುದು ಅವನ ಹೊಟ್ಟೆಗಲ್ಲ, ಶೂಲಕ್ಕೆ ತಕ್ಕ ಮನುಷ್ಯನನ್ನು ಹುಡುಕುವ ಸರ್ಕಾರಕ್ಕೆ. ಮೂರನೆಯ ದೋಷ ಭಕ್ತಿ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ತಂದ ‘ಭಾರತ–ಭಾರತಿ’ ಮಾಲೆಯ ಐನೂರಕ್ಕೂ ಹೆಚ್ಚು ಕಿರುಪುಸ್ತಕಗಳು ಊರೂರಿನ ಸಾಲಿಗಳನ್ನು ಮುಟ್ಟಿದವು. ಓದುವ ಚಟ ಹಚ್ಚಿದ ಉಪಕಾರ ದೊಡ್ಡದು. ಆದರೆ ಆ ಮಹಾಪುರುಷರು ಎಂದೂ ಎಡವುವುದಿಲ್ಲ. ಬೊಳುವಾರು ಮಹಮದ್ ಕುಂಞಿಯವರು ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ ಬರೆದಾಗ ದೊಡ್ಡವರೊಬ್ಬರು ಮೊದಲು ಪುಟ್ಟವರಾಗಿದ್ದರು ಎಂಬುದೇ ಹೊಸ ಸುದ್ದಿಯಂತೆ ಕಂಡಿತು. 2010ರ ಸಾಹಿತ್ಯ ಅಕಾಡೆಮಿ ಬಾಲಸಾಹಿತ್ಯ ಪುರಸ್ಕಾರ ಬಂದದ್ದು ಆ ಪುಸ್ತಕಕ್ಕೆ.

ಈ ದೋಷಗಳ ಬೇರು ಹುಡುಕಬೇಕಾದರೆ ಪುಸ್ತಕ ಕೊಳ್ಳುವವರು ಯಾರು ಎಂದು ಕೇಳಬೇಕು. ಕನ್ನಡದ ಮಕ್ಕಳ ಪುಸ್ತಕವನ್ನು ಕೊಳ್ಳುವುದು ಗ್ರಂಥಾಲಯ ಇಲಾಖೆ, ಶಾಲೆ, ಬಹುಮಾನ ಹಂಚುವ ಸಂಘ, ಹುಟ್ಟುಹಬ್ಬಕ್ಕೆ ಬಂದ ಮಾಮಾ. ಇವರೆಲ್ಲ ಹಿಂಬದಿ ತಿರುವಿ ನೋಡುವುದು ಇದರಿಂದ ಮಗು ಏನು ಕಲಿಯುತ್ತದೆ ಎಂದು. ಲೇಖಕ ತನ್ನ ನಿಜವಾದ ಗಿರಾಕಿಗೆ ತಕ್ಕಂತೆ ಬರೆಯುತ್ತಾನೆ, ಓದುಗನಿಗೆ ತಕ್ಕಂತಲ್ಲ. ಹುಡುಗರು ತಾವೇ ಹಟ ಹಿಡಿದು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಳ್ಳುತ್ತಿದ್ದ ‘ಬಾಲಮಂಗಳ’ದ ಡಿಂಗನನ್ನು ನೋಡಿ. ಮಲಯಾಳದಿಂದ ಬಂದ ಆ ಇಲಿ ಏಟು ಕೊಡುತ್ತಿತ್ತು, ಹಾರುತ್ತಿತ್ತು, ಪಾಠ ಹೇಳಲು ಅದಕ್ಕೆ ಪುರುಸೊತ್ತಿರಲಿಲ್ಲ. ಹಾಸ್ಯ ಒರಟಾಗಿತ್ತು, ಒಪ್ಪುತ್ತೇನೆ. ಆದರೂ ಮಗು ತಾನೇ ಗಿರಾಕಿಯಾದ ಕಡೆ ನೀತಿಯ ಬಾಲ ಗಿಡ್ಡವಾಯಿತು.

ಗದ್ಯ ಬಿಟ್ಟುಕೊಟ್ಟ ಜಾಗವನ್ನು ಹಿಡಿದದ್ದು ರಂಗಭೂಮಿ. ಟಾಗೋರರ ಗಿಳಿಯ ಕಥೆಯನ್ನು ಬಿ.ವಿ. ಕಾರಂತರು ‘ಪಂಜರ ಶಾಲೆ’ಯಾಗಿ ಮಕ್ಕಳ ಕೈಗೆ ಕೊಟ್ಟರು. ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ, ಚಿನ್ನದ ಪಂಜರ ಬರುತ್ತದೆ, ಪುಸ್ತಕದ ಹಾಳೆಗಳನ್ನು ಹಕ್ಕಿಯ ಗಂಟಲಿಗೆ ತುರುಕುತ್ತಾರೆ, ಎಲ್ಲರೂ ಪಂಜರವನ್ನು ಹೊಗಳುತ್ತಾರೆ, ಹಕ್ಕಿ ಸಾಯುತ್ತದೆ. ಶಾಲೆಯನ್ನೇ ಹೀಗೆ ಗೇಲಿ ಮಾಡುವ ನಾಟಕವನ್ನು ಶಾಲೆಯ ಮಕ್ಕಳೇ ಆಡುತ್ತಾರೆ! ವೈದೇಹಿ ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ತೆಗೆದುಕೊಂಡು ‘ಧಾಂ ಧೂಂ ಸುಂಟರಗಾಳಿ’ ಮಾಡಿದರು. ಶೇಕ್ಸ್‌ಪಿಯರ್ ಮಕ್ಕಳಿಗೆ ಭಾರವಾಗುತ್ತಾನೆ ಎಂದು ಅವರಿಗೆ ಅನ್ನಿಸಲಿಲ್ಲ. ನಮ್ಮ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಕಿಟ್ಟಿಯ ಕಥೆ’, ‘ಆಲಿಬಾಬಾ’ ಬರೆದರು. ನಾಟಕದಲ್ಲಿ ಲೇಖಕ ಕೊನೆಗೆ ವೇದಿಕೆಗೆ ಬಂದು ‘ಆದ್ದರಿಂದ ಮಕ್ಕಳೇ’ ಎನ್ನಲು ಆಗುವುದಿಲ್ಲ, ಪರದೆ ಬಿದ್ದಿರುತ್ತದೆ. ಸಾಲದ್ದಕ್ಕೆ ನಗೆ ಬಂತೋ ಇಲ್ಲವೋ ಎಂಬುದು ಅಲ್ಲೇ ಕಿವಿಗೆ ಬಿದ್ದಿರುತ್ತದೆ. ರಾತ್ರಿಯಿಡೀ ನಡೆಯುವ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ದೂತಿಯ ಕೊಂಕು ಮಾತಿಗೆ ಕಂಬಳಿ ಹೊದ್ದು ಕೂತ ಹುಡುಗರು ನಗುವಾಗ ಯಾರೂ ಅವರಿಗೆ ಅರ್ಥ ಬಿಡಿಸಿ ಹೇಳಿದ್ದಿಲ್ಲ.

ಗದ್ಯಕ್ಕೂ ಒಂದು ಬಾಗಿಲು ತೆರೆದಿತ್ತು. ನಾ. ಕಸ್ತೂರಿಯವರು ಲೂಯಿಸ್ ಕ್ಯಾರೊಲನ ಆಲಿಸಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕರೆತಂದರು. ಕ್ಯಾರೊಲ್ 1865ರಲ್ಲಿ ಮಾಡಿದ ದೊಡ್ಡ ಕೀಟಲೆ ಎಂದರೆ ತನ್ನ ಕಾಲದ ಮಕ್ಕಳು ಕಂಠಪಾಠ ಮಾಡುತ್ತಿದ್ದ ನೀತಿಪದ್ಯಗಳನ್ನೇ ತಿರುಚಿಟ್ಟದ್ದು. ಬಂಗಾಳದಲ್ಲಿ ಸುಕುಮಾರ ರಾಯ್ ‘ಆಬೋಲ್ ತಾಬೋಲ್’ (1923) ಮೂಲಕ ಅಸಂಬದ್ಧ ಪದ್ಯವನ್ನು ಮನೆಮನೆಯ ಮಾತು ಮಾಡಿದರು. ಪಾಪಚ್ಚಿಗೆ ಮಾತ್ರ ಕನ್ನಡದಲ್ಲಿ ತಂಗಿಯರು ಹುಟ್ಟಲಿಲ್ಲ. ಅರ್ಥವಿಲ್ಲದ್ದರಲ್ಲಿ ಆಡುವುದು ಬುದ್ಧಿವಂತರ ಆಟ ಎಂಬುದನ್ನು ನಮ್ಮ ಪ್ರಕಾಶಕರು ನಂಬಿದಂತಿಲ್ಲ.

ಭಾಷೆಯ ಪ್ರಶ್ನೆಯನ್ನು ಖಾಸಬಾಗದಲ್ಲಿ ನಿಂತು ಕೇಳದಿದ್ದರೆ ತಪ್ಪಾಗುತ್ತದೆ. ರವಿವಾರದ ಸಂತೆಯಲ್ಲಿ ಒಂದು ಹತ್ತು ವರ್ಷದ ಹುಡುಗಿ ಅವ್ವನ ಜೊತೆ ಕನ್ನಡ, ಕಾಯಿಪಲ್ಲೆಯವಳ ಜೊತೆ ಮರಾಠಿ, ಬಳೆ ಅಂಗಡಿಯಲ್ಲಿ ಉರ್ದು ಮಾತಾಡುತ್ತಾಳೆ. ಒಂದರೊಳಗೊಂದು ಬೇಕೆಂದೇ ಬೆರೆಸಿ ಗೆಳತಿಯರನ್ನು ನಗಿಸುತ್ತಾಳೆ. ಖಾನಾಪುರದ ಕಡೆ ಹೋದರೆ ಕೊಂಕಣಿಯೂ ಸೇರಿಕೊಳ್ಳುತ್ತದೆ. ಈ ಬೆರಕೆಯ ಸೊಗಸನ್ನು ಹಿಡಿದವರು ಇಲ್ಲಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕಲಿಸಿದ ಪು.ಲ. ದೇಶಪಾಂಡೆ. ಅವರ ‘ರಾವಸಾಹೇಬ’ ಬರಹದ ಬೆಳಗಾವಿಯ ಮನುಷ್ಯನ ಕನ್ನಡ ಹೊಕ್ಕ ಮರಾಠಿಗೆ ಮಹಾರಾಷ್ಟ್ರವೆಲ್ಲ ನಕ್ಕಿತು, ಪ್ರೀತಿಯಿಂದ ನಕ್ಕಿತು. ಅದು ದೊಡ್ಡವರ ಪುಸ್ತಕ, ಅದೂ ಮರಾಠಿಯಲ್ಲಿ. ಮಕ್ಕಳಿಗೆಂದೇ ಮರಾಠಿಯಲ್ಲಿ ಭಾ.ರಾ. ಭಾಗವತರ ಫಾಸ್ಟರ್ ಫೇಣೆ ಇದ್ದಾನೆ. ಫುರಸುಂಗಿಯ ಆ ಹುಡುಗ ಪುಸ್ತಕದಿಂದ ಪುಸ್ತಕಕ್ಕೆ ಸೈಕಲ್ ತುಳಿಯುತ್ತ ಬಂದು ಓದುಗರ ಗೆಳೆಯನಾದ. ಗೋಡೆಯಾಚೆಯ ಮನೆಯಲ್ಲಿ ಅವನು ಓಡಾಡುತ್ತಿರುವಾಗ ಈಚೆಯ ಮನೆಯ ಕನ್ನಡ ಪುಸ್ತಕದ ಹುಡುಗ ‘ನಾನು ಪ್ರತಿದಿನ ಬೆಳಿಗ್ಗೆ ಬೇಗನೆ ಏಳುತ್ತೇನೆ’ ಎಂಬಂಥ ವಾಕ್ಯದಲ್ಲಿ ಮಾತಾಡುತ್ತಾನೆ. ಯಾರೂ ಆಡದ ಭಾಷೆಯಲ್ಲಿ ಯಾರಿಗೂ ನಗೆ ಬರುವುದಿಲ್ಲ.

ಈಚಿನ ವರ್ಷಗಳಲ್ಲಿ ಗದ್ಯ ಕದಲಿದೆ. ಬಾಲಸಾಹಿತ್ಯ ಪುರಸ್ಕಾರ ಪಡೆದ ಬಸು ಬೇವಿನಗಿಡದ ಅವರ ‘ಓಡಿಹೋದ ಹುಡುಗ’ (2021), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಮೂರೂ ಕಾದಂಬರಿಗಳು. ಮಗು ಒಂದೇ ಪಟ್ಟಿಗೆ ಕೂತು ನೂರು ಪುಟ ಓದಬಲ್ಲದು ಎಂಬ ನಂಬಿಕೆಯೇ ದೊಡ್ಡ ಬದಲಾವಣೆ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಚಿತ್ರಪುಸ್ತಕಗಳನ್ನು ಕಡಿಮೆ ಬೆಲೆಗೆ ಹಳ್ಳಿಯ ಸಾಲಿಗೂ ಮುಟ್ಟಿಸಿತು. ಅವುಗಳಲ್ಲಿ ನಗೆ ಹೆಚ್ಚಾಗಿ ಚಿತ್ರದಲ್ಲಿದೆ. ಅನುವಾದದ ಕನ್ನಡ ಒಂದೇ ಮಟ್ಟದಲ್ಲಿ ಸಪಾಟಾಗಿ ಹೋಗುತ್ತದೆ. ಮೊದಲಿನಿಂದ ಕಡೆಯವರೆಗೆ ನಗಿಸುವ, ಮಗ್ಗದ ಓಣಿಯ ಬೆರಕೆ ಮಾತಿನಲ್ಲೇ ನಡೆಯುವ ಮಕ್ಕಳ ಕಾದಂಬರಿ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಬರೆಯುವವರಿಗೆ ಉಪದೇಶ ಮಾಡುವ ಬದಲು ಸಂಪಾದಕರಿಗೆ ಒಂದು ಕೆಲಸ ಹಚ್ಚುವುದು ಮೇಲು. ಮಕ್ಕಳ ಕಥೆಯ ಹಸ್ತಪ್ರತಿ ಬಂದಾಗ ಕೊನೆಯ ಪ್ಯಾರಾವನ್ನು ಹೊಡೆದುಹಾಕಿ ಒಮ್ಮೆ ಓದಲಿ. ಕಥೆ ನಿಂತರೆ ಹಾಗೆಯೇ ಅಚ್ಚಿಗೆ ಕಳಿಸಲಿ. ನಿಲ್ಲದಿದ್ದರೆ ಆ ಪ್ಯಾರಾ ಸಮೇತ ಲೇಖಕರಿಗೆ ವಾಪಸ್ ಮಾಡಲಿ, ಅಂಚೆ ಖರ್ಚು ಲೇಖಕರದ್ದೇ ಇರಲಿ.