ಗಂಜಿತಿಳಿಗೆ ಸಂದ ಹೆಸರು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮಗುವಿಗೆ ಟೈಫಾಯ್ಡ್ ಎಂದು ಗೊತ್ತಾದರೆ ಸಾಕು, ಒಲೆಯ ಮೇಲೆ ಗಂಜಿ ಏರುತ್ತದೆ. ಈ ಪಥ್ಯ ಗಳಿಸಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು.

ಈ ಪಥ್ಯದ ಹಿಂದಿರುವ ಭಯವೇನೋ ನಿಜ. ಸಣ್ಣ ಕರುಳಿನ ಕೊನೆಯಲ್ಲಿ ಹುಣ್ಣಾಗುತ್ತದೆ. ಮೂರನೇ ವಾರದ ಹೊತ್ತಿಗೆ ಕರುಳು ತೂತಾಗಿ ಜೀವಕ್ಕೇ ಬರುವುದುಂಟು. ಆದರೆ ಆ ತೂತು ಬೀಳುವುದು ರೋಗಾಣು ಹೊಕ್ಕ ಅಂಗಾಂಶ ಕೊಳೆಯುವುದರಿಂದ. ಮೆತ್ತಗೆ ಬೆಂದ ಅನ್ನ ತಗುಲಿ ಬೀಳುವಂಥದ್ದಲ್ಲ. ಜ್ವರದವರಿಗೆ ಉಣಿಸಬೇಕೆಂದು ಡಬ್ಲಿನ್‌ನ ರಾಬರ್ಟ್ ಗ್ರೇವ್ಸ್ 19ನೇ ಶತಮಾನದಲ್ಲೇ ವಾದಿಸಿದರು. ಕ್ಲೋರಾಂಫೆನಿಕಾಲ್ ಟೈಫಾಯ್ಡಿಗೆ ಮದ್ದೆಂದು ಗೊತ್ತಾದ 1948ಕ್ಕೂ ಎಷ್ಟೋ ಮುಂಚೆ, ನ್ಯೂಯಾರ್ಕಿನ ವಾರೆನ್ ಕೋಲ್ಮನ್ ರೋಗಿಗಳಿಗೆ ಹಾಲು, ಕೆನೆ, ಮೊಟ್ಟೆ ಕೊಟ್ಟು ಮೈ ಕರಗುವುದನ್ನು ಬಹುಮಟ್ಟಿಗೆ ತಡೆದರು.

ಇನ್ನು ಗಂಜಿಯನ್ನೇ ನೋಡೋಣ. ಅಕ್ಕಿ ಬೇಯಿಸಿ, ಅಗುಳು ತೆಗೆದು, ತಿಳಿಗೆ ಉಪ್ಪು ಬೆರೆಸಿ ಕುಡಿಸುತ್ತಾರೆ. ಅದರಲ್ಲಿರುವುದು ನೀರು, ಉಪ್ಪು, ಒಂದಿಷ್ಟು ಪಿಷ್ಟ. ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ವ್ಯಯಿಸುವ ಶಕ್ತಿ ಸುಮಾರು 13% ಹೆಚ್ಚುತ್ತದೆ. ಹಸಿವೇ ಸತ್ತ ಮಗು ನಾಲ್ಕು ಗುಟುಕಿಗೆ ಮುಖ ತಿರುಗಿಸುವಾಗ, ಆ ನಾಲ್ಕು ಗುಟುಕಿನಲ್ಲಿ ಏನಿದೆ ಎಂಬುದೇ ಮುಖ್ಯ. ಸಾದಾ ಹಿಟ್ಟು ಗಟ್ಟಿಯಾದರೆ ನುಂಗಲಾಗದು, ತೆಳ್ಳಗಾದರೆ ಸತ್ವ ಸಾಲದು. ಮೊಳಕೆ ಕಟ್ಟಿದ ರಾಗಿ ಈ ತೊಡಕನ್ನು ಬಿಡಿಸುತ್ತದೆ. ಮೊಳೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಿದರೂ ರಾಗಿ ಸರಿ ತೆಳ್ಳಗೇ ಇರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿದರೆ ಹೊಟ್ಟೂ ಹೋಯಿತು. ಕೂಸಿಗೆ ರಾಗಿ ಸರಿ ತಿನ್ನಿಸಿದ ತಾಯಿಯೇ, ಐದು ವರ್ಷದ ಮಗು ಮಲಗಿದಾಗ ರಾಗಿ ಅರಗದೆಂದು ಗಂಜಿತಿಳಿಗೆ ತಿರುಗುವುದು ಕಂಡರೆ ಹೊಟ್ಟೆಯುರಿಯುತ್ತದೆ.

ಅಜ್ಜಿಯ ಪಥ್ಯವನ್ನು ಹಾಡಿಹೊಗಳುವ ಲೇಖಕರ ಮೇಲೆ ನನ್ನ ತಕರಾರು ದೊಡ್ಡದು. ಜ್ವರ ಇಳಿಸಿದ್ದು ಆಂಟಿಬಯಾಟಿಕ್, ಅವರು ಹೊಗಳುವುದು ಗಂಜಿಯನ್ನು. ಮಗು ಸೊರಗಿದ್ದರಲ್ಲಿ ಪಥ್ಯದ ಪಾಲೂ ಇದೆ, ದೂರು ಮಾತ್ರ ಜ್ವರದ ಮೇಲೆ. ಮಜ್ಜಿಗೆಯ ಗುಣ ಪುಟಗಟ್ಟಲೆ ಬರೆಯುವವರು ಅದಕ್ಕೆ ಬೆರೆಸಿದ ನೀರು ಕುದಿಸಿದ್ದೇ ಎಂದು ಕೇಳುವುದಿಲ್ಲ. ಟೈಫಾಯ್ಡ್ ಬರುವುದೇ ಆ ದಾರಿಯಿಂದ!

ಮಾತ್ರೆ ಇರುವಾಗ ಏನು ತಿಂದರೇನು ಎನ್ನುವವರನ್ನೂ ಒಪ್ಪೆ. ಹೊಟ್ಟೆ ಉಬ್ಬರಿಸಿದರೆ, ವಾಂತಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ಉಣಿಸುವ ಮಾತು ಬಿಟ್ಟು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಉಳಿದ ಮಕ್ಕಳಿಗೆ ಹೆಸರುಬೇಳೆ ಹಾಕಿದ ಮೆತ್ತನೆ ಅನ್ನ, ಇಡ್ಲಿ, ಕಾಯಿಸಿದ ಹಾಲು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಸ್ವಲ್ಪಸ್ವಲ್ಪವೇ, ಮತ್ತೆಮತ್ತೆ. ಎಳನೀರು ಬಾಯಾರಿಕೆಗೆ ಸರಿ, ಊಟದ ಬದಲಿಗೆ ಬೇಡ. ಜ್ವರ ಬಿಟ್ಟ ಮೇಲೆ ಎರಡು ವಾರವಾದರೂ ದಿನಕ್ಕೊಂದು ಊಟ ಹೆಚ್ಚು ಬೇಕು. ಗಂಜಿಯನ್ನೇ ಮುಂದುವರಿಸುವ ರೂಢಿ ನುಂಗುವುದು ಆ ದಿನಗಳನ್ನೇ.