ಲೋಳೆಸರದ ತಂಪು
ದೃಷ್ಟಿನಿವಾರಣೆಗೆಂದು ಬಾಗಿಲ ಮೇಲೆ ತಲೆಕೆಳಗಾಗಿ ತೂಗುಹಾಕಿದರೂ ಮಣ್ಣುನೀರುಗಳ ಹಂಗಿಲ್ಲದೆ ತಿಂಗಳುಗಟ್ಟಲೆ ಹಸುರಾಗಿಯೇ ಉಳಿಯುವ ಲೋಳೆಸರದ ಜೀವಶಕ್ತಿಗಿಂತಲೂ, ಒಗ್ಗರಣೆಯ ಎಣ್ಣೆ ಸಿಡಿದು ಕೈ ಚುರುಗುಟ್ಟಿದಾಗ ಅದನ್ನು ಬಳಸಬಲ್ಲ ನಮ್ಮ ಗೃಹಿಣಿಯರ ಹಸ್ತಕೌಶಲವೇ ನನಗೆ ಹೆಚ್ಚು ವಿಸ್ಮಯಾವಹವಾಗಿ ತೋರುತ್ತದೆ. ಬಲ್ಲವಳು ಮೊದಲೇ ಗಿಡದತ್ತ ಓಡಳು. ಸುಟ್ಟ ಕೈಯನ್ನು 20 ನಿಮಿಷ ಹರಿಯುವ ತಣ್ಣೀರಿಗೆ ಒಡ್ಡಿ, ಅನಂತರವೇ ಬುಡದ ಬಲಿತ ಎಲೆಯೊಂದನ್ನು ಕೊಯ್ದು, ಕೊಯ್ದ ತುದಿ ಕೆಳಗಾಗುವಂತೆ ಬಟ್ಟಲಿನಲ್ಲಿ ನಿಲ್ಲಿಸುತ್ತಾಳೆ. ಸಿಪ್ಪೆಯಡಿಯಿಂದ ಜಿನುಗುವ, ಕಟುವಾಸನೆಯ ಆ ಹಳದಿ ರಸ ಚರ್ಮವನ್ನು ಕೆರಳಿಸುವಂಥದು. ಅದು ಸೋರಿ ಮುಗಿಯುವವರೆಗೆ ಕಾಯುವ ತಾಳ್ಮೆಯಲ್ಲಿಯೇ ಈ ವಿದ್ಯೆಯ ಮರ್ಮವಿದೆ. ಬಳಿಕ ಅಂಚಿನ ಮುಳ್ಳುಗಳನ್ನು ಸವರಿ, ಚೂರಿಯ ಅಲಗನ್ನು ಸಿಪ್ಪೆಗೆ ಒತ್ತಿದಂತೆ ಮೆಲ್ಲನೆ ಜಾರಿಸಿದರೆ, ಸ್ಫಟಿಕದಂತೆ ನಿರ್ಮಲವಾದ, ನೂರಕ್ಕೆ ಸುಮಾರು 99 ಪಾಲು ನೀರೇ ಆಗಿರುವ ತಿರುಳು ಅಖಂಡವಾಗಿ ಎದ್ದುಬರುತ್ತದೆ. ಬೆರಳಿಗೆ ಸಿಕ್ಕದೆ ನುಣುಚುವ ಅದನ್ನು ಕೆಂಪೇರಿದ ಚರ್ಮದ ಮೇಲೆ ತೆಳುವಾಗಿ, ಉಜ್ಜದೆ, ಲೇಪಿಸುವುದೂ ಒಂದು ಕಲೆಯೇ ಸರಿ. ಬೊಕ್ಕೆಯೊಡೆದ ಗಾಯಕ್ಕಾಗಲಿ ಆಳವಾದ ಸುಟ್ಟಗಾಯಕ್ಕಾಗಲಿ ಅವಳು ಅದನ್ನು ಸೋಕಿಸಳು. ಅವು ವೈದ್ಯರ ಪಾಲಿನವು. ಅಂಗಡಿಯ ಕಡುಹಸುರು ಮುಲಾಮನ್ನು ಕಂಡು ಆಕೆ ನಕ್ಕರೆ ಅದೂ ನ್ಯಾಯವೇ, ತಿರುಳಿಗೆ ಬಣ್ಣವೆಲ್ಲಿಯದು?